ಕೀಲಿ

ಬೀದರ್, ಭಾಲ್ಕಿ, ಔರಾದ್ ಕಡೆ ಬಾಗಿಲಿಗೆ ಹಾಕುವುದು ಕೀಲಿ. ತೆಗೆಯುವುದು ಕೀಲಿಕೈ, ಇಲ್ಲವೇ ಚಾವಿ. ಮೈಸೂರು ಸೀಮೆಯವರಿಗೆ ಅದೇ ಬೀಗ, ಬೀಗದಕೈ. ಸಂಸ್ಕೃತದ ‘ಕೀಲ’ ಎಂದರೆ ಗೂಟ, ಅಗುಳಿ.

ಸಂದೇಶಗಳನ್ನು ಗುಟ್ಟಾಗಿಡುವ ಗೂಢಲಿಪಿಶಾಸ್ತ್ರದ ‘ಪಬ್ಲಿಕ್ ಕೀ’ಗೆ ಕನ್ನಡದಲ್ಲಿ ‘ಸಾರ್ವಜನಿಕ ಕೀಲಿ’ ಎಂದರೆ ಬೀದರಿನ ಅರ್ಥವೇ ಹೆಚ್ಚು ಒಪ್ಪುತ್ತದೆ. ಊರಿಗೆಲ್ಲ ಹಂಚುವುದು ಒತ್ತಿದರೆ ಬೀಳುವ ಕೀಲಿ; ಅದರಿಂದ ಯಾರು ಬೇಕಾದರೂ ಸಂದೇಶ ಮುಚ್ಚಬಹುದು. ತೆಗೆಯುವ ಕೀಲಿಕೈ ಒಬ್ಬರ ಬಳಿ ಮಾತ್ರ. ಇಂಥದ್ದೇ ಗೂಢಲಿಪಿಯಾದ 1977ರ ಆರ್‌ಎಸ್‌ಎ ವಿಧಾನದಲ್ಲಿ ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ ಬಹಿರಂಗ, ಆ ಸಂಖ್ಯೆಗಳು ಗುಟ್ಟು. ಮುಚ್ಚಿದ್ದನ್ನು ತೆಗೆಯಲು ನೆರವಾಗುವ ಈ ಗುಟ್ಟೇ ‘ಟ್ರ್ಯಾಪ್‌ಡೋರ್’, ಅಂದರೆ ಕಳ್ಳಬಾಗಿಲು.

ಅಷ್ಟೇ ಸಾಲದು. ಸಂದೇಶ ಬರೀ ‘ಹೌದು’ ಅಥವಾ ‘ಇಲ್ಲ’ ಆಗಿದ್ದರೆ, ಯಾರಾದರೂ ಎರಡನ್ನೂ ಅದೇ ಬಹಿರಂಗ ಕೀಲಿಯಿಂದ ಮುಚ್ಚಿ, ಬಂದ ಸಂದೇಶದೊಂದಿಗೆ ಹೋಲಿಸಿ ಉತ್ತರ ತಿಳಿಯಬಹುದು. ಅದಕ್ಕೇ 1982ರಲ್ಲಿ ಗಣಕ ವಿಜ್ಞಾನಿಗಳಾದ ಗೋಲ್ಡ್‌ವಾಸರ್ ಮತ್ತು ಮಿಕಾಲಿ, ಒಂದೇ ಸಂದೇಶ ಮುಚ್ಚಿದಾಗಲೆಲ್ಲ ಬೇರೆಯಾಗಿ ಕಾಣುವಂತೆ ಪ್ರತಿ ಸಲವೂ ಯಾದೃಚ್ಛಿಕತೆ ಬೆರೆಸುವ ದಾರಿ ತೋರಿಸಿದರು.

ಪಠ್ಯ ಬರೆಯುವವರು ದಯವಿಟ್ಟು ಬೀದರಿನ ಜೋಡಿಯನ್ನೇ ಬಳಸಲಿ: ಬಹಿರಂಗ ಕೀಲಿ, ಗುಪ್ತ ಕೀಲಿಕೈ.