ಗಾಜಿನ ತೊಟ್ಟಿಯಲ್ಲಿ ಸರೋವರದ ಚರಿತ್ರೆ

ನಮ್ಮ ಕೆರೆಗಳಲ್ಲಿ ಸಿಗುವ ತಿಲಾಪಿಯ ಮೀನನ್ನು ನೀವು ನೋಡಿರಬಹುದು. ಕೆಲವೆಡೆ ಇದನ್ನು ಜಿಲೇಬಿ ಮೀನು ಎನ್ನುತ್ತಾರೆ. ಆಫ್ರಿಕ ಮೂಲದ ಈ ಮೀನು ಭಾರತಕ್ಕೆ ಬಂದದ್ದು 1952ರಲ್ಲಿ. ಅಕ್ವೇರಿಯಂ ಅಂಗಡಿಗಳಲ್ಲಿ ಹಳದಿ, ನೀಲಿ, ಕೆಂಪು ಬಣ್ಣಗಳಿಂದ ಹೊಳೆಯುವ ಆಫ್ರಿಕದ ಸಿಕ್ಲಿಡ್‌ಗಳೂ ಇದೇ ಕುಟುಂಬಕ್ಕೆ ಸೇರಿದವು. ಮಲಾವಿ, ಟಾಂಗಾನೀಕ, ವಿಕ್ಟೋರಿಯ ಸರೋವರಗಳು ಇವುಗಳ ತವರು. ಗಾಜಿನ ತೊಟ್ಟಿಯಲ್ಲಿ ಇವನ್ನು ಸಾಕಿ ನೋಡಿದ್ದರಿಂದ ಜೀವವಿಜ್ಞಾನ ಕಲಿತದ್ದು ಬಹಳ.

ಇವುಗಳಲ್ಲಿ ಅನೇಕ ಪ್ರಭೇದಗಳ ಹೆಣ್ಣು ಮೊಟ್ಟೆಯಿಟ್ಟ ಕೂಡಲೇ ಅವನ್ನು ಬಾಯೊಳಗೆ ಎತ್ತಿಕೊಳ್ಳುತ್ತದೆ. ಹಾಗಾದರೆ ಮೊಟ್ಟೆಗಳು ಫಲಿತವಾಗುವುದು ಹೇಗೆ? ಜರ್ಮನಿಯ ವುಲ್ಫ್‌ಗಾಂಗ್ ವಿಕ್ಲರ್ 1962ರಲ್ಲಿ ಇದಕ್ಕೆ ವಿವರಣೆ ನೀಡಿದರು. ಗಂಡಿನ ಗುದರೆಕ್ಕೆಯ ಮೇಲೆ ಮೊಟ್ಟೆಯನ್ನೇ ಹೋಲುವ ಚುಕ್ಕೆಗಳಿವೆ. ಅವನ್ನೂ ಮೊಟ್ಟೆಗಳೆಂದು ಭಾವಿಸಿ ಹೆಣ್ಣು ಬಾಯಿ ಹಾಕಿದಾಗ ವೀರ್ಯ ಬಾಯೊಳಗೆ ಸೇರುತ್ತದೆ. ಫಲೀಕರಣ ಅಲ್ಲೇ ನಡೆಯುತ್ತದೆ. ಮುಂದೆ ಸುಮಾರು ಮೂರು ವಾರ, ಮರಿಗಳು ಈಜುವ ತನಕ, ತಾಯಿ ಬಹುತೇಕ ಉಪವಾಸವಿರುತ್ತದೆ.

ಎರಡನೆಯ ಪಾಠ ದುಃಖದ್ದು. ವಿಕ್ಟೋರಿಯ ಸರೋವರ ಸುಮಾರು 15,000 ವರ್ಷಗಳ ಹಿಂದೆ ಬತ್ತಿ ಮತ್ತೆ ತುಂಬಿತು. ಭೂವಿಜ್ಞಾನದ ಲೆಕ್ಕದಲ್ಲಿ ಕ್ಷಣಮಾತ್ರವೆನ್ನಬಹುದಾದ ಈ ಅವಧಿಯಲ್ಲಿ ಅಲ್ಲಿ ಸುಮಾರು 500 ಸಿಕ್ಲಿಡ್ ಪ್ರಭೇದಗಳು ಮೂಡಿದವು. 1950ರ ದಶಕದಲ್ಲಿ ಮೀನುಗಾರಿಕೆಯ ಅಭಿವೃದ್ಧಿಗೆಂದು ಅಲ್ಲಿ ನೈಲ್ ಪರ್ಚ್ ಎಂಬ ದೊಡ್ಡ ಬೇಟೆಮೀನನ್ನು ಬಿಡಲಾಯಿತು. 1980ರ ದಶಕದಲ್ಲಿ ಅದರ ಸಂಖ್ಯೆ ವಿಪರೀತ ಏರಿತು. ಸುಮಾರು 200 ಸಿಕ್ಲಿಡ್ ಪ್ರಭೇದಗಳು ಕಾಣೆಯಾದವೆಂದು ಅಂದಾಜು. ಉಳಿದ ಕೆಲವನ್ನು ಯುರೋಪ್ ಮತ್ತು ಅಮೆರಿಕದ ಮತ್ಸ್ಯಾಗಾರಗಳಲ್ಲಿ, ಹವ್ಯಾಸಿಗಳ ತೊಟ್ಟಿಗಳಲ್ಲಿ ಸಾಕಿ ಕಾಪಾಡುವ ಪ್ರಯತ್ನವೂ ನಡೆಯಿತು.

ಬೇಟೆಮೀನೊಂದೇ ಶತ್ರುವಲ್ಲ. ಓಲೆ ಸೀಹಾಸೆನ್ ಮತ್ತು ಸಂಗಡಿಗರು 1997ರಲ್ಲಿ ಇನ್ನೊಂದು ಕಾರಣವನ್ನು ತೋರಿಸಿದರು. ಹೆಣ್ಣುಗಳು ತಮ್ಮ ಪ್ರಭೇದದ ಗಂಡನ್ನು ಬಣ್ಣದಿಂದ ಗುರುತಿಸುತ್ತವೆ. ತೊಟ್ಟಿಯಲ್ಲಿ ಬಿಳಿ ಬೆಳಕಿದ್ದಾಗ ಅವು ಸರಿಯಾಗಿ ಆರಿಸಿದವು. ಬಣ್ಣ ಕಾಣದಂಥ ಏಕವರ್ಣದ ಬೆಳಕಿನಲ್ಲಿ ಆ ವಿವೇಚನೆ ಉಳಿಯಲಿಲ್ಲ. ಜಮೀನು, ಪಟ್ಟಣಗಳಿಂದ ಹರಿದುಬಂದ ಪೋಷಕಾಂಶಗಳಿಂದ ಪಾಚಿ ಬೆಳೆದು ಸರೋವರದ ನೀರು ಕದಡಿದಾಗ ಆಗಿದ್ದೂ ಇದೇ. ಒಂದಕ್ಕೊಂದು ಸನಿಹದ ಪ್ರಭೇದಗಳು ಬೆರೆತು ಒಂದಾಗತೊಡಗಿದವು. ಒಂದು ಮೀನೂ ಸಾಯದೆ ಪ್ರಭೇದವೊಂದು ಅಳಿಯಬಹುದು!

ಈ ಚರಿತ್ರೆ ನಿಮ್ಮ ಮನೆಯ ತೊಟ್ಟಿಯಲ್ಲೂ ಮರುಕಳಿಸಬಹುದು. ಮರಿ ಮಾಡಿಸುವುದಾದರೆ ಸನಿಹದ ಎರಡು ಪ್ರಭೇದಗಳನ್ನು ಒಟ್ಟಿಗೆ ಇಡಬೇಡಿ; ಹುಟ್ಟುವ ಮಿಶ್ರತಳಿಗಳೂ ಸಂತಾನ ಬೆಳೆಸಬಲ್ಲವು. ಒಂದು ಗಂಡಿಗೆ ಹಲವು ಹೆಣ್ಣುಗಳಿರಲಿ. ಅಡಗಲು ಕಲ್ಲುಗಳ ಸಂದುಗಳಿರಲಿ. ನೀರು ತುಸು ಗಡುಸಾಗಿ, ಕ್ಷಾರೀಯವಾಗಿ, 24ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿರಲಿ. ಸಾಕಿ ಬೇಸರವಾದರೆ ಮೀನುಗಳನ್ನು ಇನ್ನೊಬ್ಬ ಹವ್ಯಾಸಿಗೆ ಕೊಡಿ, ಊರಿನ ಕೆರೆಗೆ ಮಾತ್ರ ಬಿಡಬೇಡಿ. ನೈಲ್ ಪರ್ಚನ್ನು ವಿಕ್ಟೋರಿಯಕ್ಕೆ ಬಿಟ್ಟವರ ಉದ್ದೇಶವೂ ಒಳ್ಳೆಯದೇ ಆಗಿತ್ತು.