ಮರಿಯ ಕೋಣೆ, ತುಪ್ಪದ ಕೋಣೆ: ಬನಹಟ್ಟಿ ಬಯಲಿಗೆ ಎಂಥ ಜೇನುಪೆಟ್ಟಿಗೆ?

ಮಡಕೆಯಲ್ಲೋ ಮರದ ಪೊಟರೆಯಲ್ಲೋ ಕೂತ ಜೇನನ್ನು ಹಿಂಡಿದಾಗ ತುಪ್ಪದ ಜೊತೆ ಮರಿಯೂ ಸಾಯುತ್ತಿತ್ತು. ಇವೆರಡನ್ನೂ ಬೇರ್ಪಡಿಸುವ ಪ್ರಯತ್ನವೇ ಜೇನುಪೆಟ್ಟಿಗೆಯ ಇತಿಹಾಸ. ಎರಿಯೊಂದನ್ನು ಬೆಳಕಿಗೆ ಹಿಡಿದು ನೋಡಿ: ಮೇಲಂಚಿನಲ್ಲಿ ತುಪ್ಪ, ಅದರ ಕೆಳಗೆ ಪರಾಗದ ಪಟ್ಟಿ, ಅದಕ್ಕೂ ಕೆಳಗೆ ಮರಿ. ಮರಿ ಬೆಳೆಯುವ ಸಂಸಾರಕೋಣೆಯ ಮೇಲೆ ತುಪ್ಪ ಕೂಡಿಡುವ ಜೇನುಕೋಣೆ ಕೂರಿಸುವ ಪದ್ಧತಿ ನೊಣಗಳ ಈ ರೂಢಿಯನ್ನೇ ಅನುಸರಿಸಿದ್ದು.

ಎರಿ ಕಟ್ಟಿಸುವ ಚೌಕಟ್ಟುಗಳ ನಡುವೆ ಸುಮಾರು 9 ಮಿ.ಮೀ. ಸಂದು ಬಿಟ್ಟರೆ ನೊಣಗಳು ಅದನ್ನು ಮುಚ್ಚುವುದಿಲ್ಲ. 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಈ ಸಂಗತಿಯನ್ನು ಆಧಾರವಾಗಿಟ್ಟುಕೊಂಡು, ಎರಿ ಒಡೆಯದೆ ಎತ್ತಬಹುದಾದ ಪೆಟ್ಟಿಗೆ ರೂಪಿಸಿದರು. ಆದರೆ ಅದು ಯುರೋಪಿನ ನೊಣದ ಅಳತೆ. ನಮ್ಮ ತುಡುವೆ ಜೇನು ಗಾತ್ರದಲ್ಲೂ ಸಂಖ್ಯೆಯಲ್ಲೂ ಕಡಿಮೆ. ದೊಡ್ಡ ಮನೆಯನ್ನು ಬೆಚ್ಚಗಿಡುವುದು ಅದಕ್ಕೆ ಕಷ್ಟ. ತಿರುಚಿನಾಪಳ್ಳಿ ಕಡೆಯ ಪಾದ್ರಿ ನ್ಯೂಟನ್ 1911ರಿಂದ 1917ರವರೆಗಿನ ಪ್ರಯೋಗಗಳಲ್ಲಿ ಏಳು ಚೌಕಟ್ಟಿನ ಸಣ್ಣ ಪೆಟ್ಟಿಗೆ ಮಾಡಿದ್ದು ಇದಕ್ಕಾಗಿಯೇ. ದಕ್ಷಿಣ ಭಾರತದ ಜೇನುಕೃಷಿಯ ನಿಜವಾದ ಆರಂಭ ಅದೆಂದು ನನ್ನ ಅಭಿಪ್ರಾಯ. ಕೊಡಗಿನಲ್ಲಿ ಜೇನುಕೃಷಿ ಬೇರೂರಿ, 1936ರಲ್ಲಿ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿತು. ಮುಂದೆ ಭಾರತೀಯ ಮಾನಕದ ‘ಎ’ ಮಾದರಿಗೆ ಒಳ ಅಳತೆಯಲ್ಲಿ 210×145 ಮಿ.ಮೀ. ಚೌಕಟ್ಟು ನಿಗದಿಯಾಯಿತು. ಲ್ಯಾಂಗ್‌ಸ್ಟ್ರಾತ್ ಚೌಕಟ್ಟಿನ ಹೊರ ಅಳತೆ 448×232. ಒಂದರ ಹರವು ಇನ್ನೊಂದರ ಸುಮಾರು ಮೂರು ಪಟ್ಟು!

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಮರಿಗಳನ್ನೇ ಕೊಂದು ಕರ್ನಾಟಕದ ತುಡುವೆ ಕುಟುಂಬಗಳನ್ನು ಬಹುಪಾಲು ಅಳಿಸಿತು. 1960ರ ದಶಕದಲ್ಲಿ ಪಂಜಾಬಿನಲ್ಲಿ ನೆಲೆಯೂರಿದ್ದ ಮೆಲ್ಲಿಫೆರಾ ಎಂಬ ಯುರೋಪಿನ ನೊಣದ ಕಡೆ ಇಲ್ಲಿಯ ಸಾಕಣೆದಾರರೂ ನೋಡತೊಡಗಿದರು. ಅದರ ಜೊತೆ ಹತ್ತು ಚೌಕಟ್ಟಿನ ಪೆಟ್ಟಿಗೆಯೂ ಬಂತು.

ಈಗ ಕೃಷ್ಣೆಯ ಬಯಲಿನ ಬನಹಟ್ಟಿಗೆ ಬರೋಣ. ಇಲ್ಲಿಯ ಹೆಜ್ಜೇನು, ಕೋಲುಜೇನು ತೆರೆದ ಜಾಗದಲ್ಲೇ ಎರಿ ಕಟ್ಟುವವು, ಪೆಟ್ಟಿಗೆಗೆ ಒಗ್ಗವು. ತುಡುವೆಯ ಸಮೃದ್ಧಿ ಇರುವುದು ಮಲೆನಾಡಿನಲ್ಲಿ. ಹಾಗಾಗಿ ಈ ಬಯಲಿಗೆ ಮೆಲ್ಲಿಫೆರಾ ಸರಿ, ಅದಕ್ಕೆ ದೊಡ್ಡ ಪೆಟ್ಟಿಗೆಯೇ ಸರಿ. ಆದರೆ ಕೃಷ್ಣೆಯ ದಂಡೆಯ ಹಸಿರು ಕಂಡು ಮೋಸಹೋಗಬಾರದು. ಕಬ್ಬು ಹೆಚ್ಚಾಗಿ ಹೂವಾಗುವ ಮೊದಲೇ ಕಟಾವಾಗುತ್ತದೆ, ನೊಣಕ್ಕೆ ಹೂವು ಸಿಗುವುದೇ ಅಪರೂಪ. ಗೋವಿನಜೋಳ, ಜೋಳದ ತೆನೆ ಪರಾಗ ಕೊಡುತ್ತವೆ. ಅದು ಮರಿಯ ಆಹಾರ, ತುಪ್ಪವಾಗದು. ತುಪ್ಪ ಬರುವುದು ಸೂರ್ಯಕಾಂತಿ, ಬೇವು, ಹೊಂಗೆಯಿಂದ.

ಆದ್ದರಿಂದ ಜೋಳದ ಕಾಲದಲ್ಲಿ ಸಂಸಾರಕೋಣೆಯೊಂದೇ ಸಾಕು. ಅದರ ಚೌಕಟ್ಟುಗಳೆಲ್ಲ ನೊಣಗಳಿಂದ ತುಂಬಿ, ಸುತ್ತ ಸೂರ್ಯಕಾಂತಿ ಅರಳಿದ ಮೇಲೆ ರಾಣಿ ಮೇಲೇರದಂತೆ ರಾಣಿತಡೆ ಹಾಕಿ ಜೇನುಕೋಣೆ ಏರಿಸಿ. ಬೇಸಿಗೆಯಲ್ಲಿ ಪೆಟ್ಟಿಗೆಗೆ ಬೇವಿನ ನೆರಳು, ಹತ್ತಿರದಲ್ಲಿ ನೀರು ಇರಲಿ. ಸೂರ್ಯಕಾಂತಿ ಅರಳಿದ ಹೊಲಕ್ಕೆ ಕೀಟನಾಶಕ ಹೊಡೆಯಬೇಡಿ. ಆ ಬೆಳೆಗೆ ಕಾಳು ಕಟ್ಟಲೂ ಇದೇ ನೊಣ ಬೇಕು.