ಬಂದವರು, ಹೋದವರು: ಕುರಕುಂಟಾ ಸೀಮೆಯ ವಲಸೆಯ ಚರಿತ್ರೆ

ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲುಮಾರ್ಗದಲ್ಲಿ ಸೇಡಂ ದಾಟಿದ ಮೇಲೆ ಸಿಗುವ ನಿಲ್ದಾಣ ಕುರಕುಂಟಾ. ಜನರು ಹುಟ್ಟಿದ ನೆಲವನ್ನು ಬಿಟ್ಟು ಬೇರೊಂದೆಡೆ ನೆಲೆಸುವುದಕ್ಕೆ ಭೂಗೋಳಶಾಸ್ತ್ರವು ವಲಸೆ ಎಂದು ಹೆಸರಿಟ್ಟು, ಅದಕ್ಕೆ ಅನೇಕ ನಿಯಮಗಳನ್ನು ಕಂಡುಹಿಡಿದಿದೆ. ಆ ನಿಯಮಗಳನ್ನು ಅರಿಯಲು ದೂರದ ಅಮೇರಿಕೆಯ ದೃಷ್ಟಾಂತವೇ ಬೇಕೆಂದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ನಡುವಣ ಈ ಸುಣ್ಣಕಲ್ಲಿನ ಸೀಮೆಯಲ್ಲಿಯೇ ಅವೆಲ್ಲವೂ ಕಾಣಸಿಗುತ್ತವೆ.

ಈ ವಿಷಯದಲ್ಲಿ ಮೊದಲು ಶಾಸ್ತ್ರೋಕ್ತವಾಗಿ ಬರೆದವನು ರಾವೆನ್‌ಸ್ಟೈನ್ ಎಂಬ ವಿದ್ವಾಂಸ. ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬಾಳಿದ ಅವನು ಸ್ವತಃ ವಲಸಿಗನೇ ಆಗಿದ್ದನೆಂಬುದು ಸ್ವಾರಸ್ಯಕರ. 1885ರಲ್ಲಿ ಅವನು ಲಂಡನ್ನಿನಲ್ಲಿ ಮಂಡಿಸಿದ ಪ್ರಬಂಧದ ಸಾರವಿಷ್ಟು: ಬಹುಪಾಲು ಜನರು ಸಮೀಪದ ಸ್ಥಳಕ್ಕೇ ಹೋಗುತ್ತಾರೆ, ದೂರ ಹೋಗುವವರು ದೊಡ್ಡ ವ್ಯಾಪಾರ-ಕೈಗಾರಿಕಾ ನಗರಗಳನ್ನೇ ಅರಸುತ್ತಾರೆ, ಪ್ರತಿಯೊಂದು ಪ್ರವಾಹಕ್ಕೂ ಒಂದು ಮರುಪ್ರವಾಹವಿರುತ್ತದೆ, ಸಮೀಪದ ವಲಸೆಯಲ್ಲಿ ಸ್ತ್ರೀಯರೇ ಅಧಿಕ. ಕೊನೆಯ ಮಾತು ನಮ್ಮಲ್ಲಿ ಅಕ್ಷರಶಃ ನಿಜ. 2011ರ ಜನಗಣತಿಯಂತೆ ಭಾರತದಲ್ಲಿ 45 ಕೋಟಿಗೂ ಮಿಕ್ಕಿ ವಲಸಿಗರಿದ್ದರು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸ್ತ್ರೀಯರು, ಕಾರಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು ವಿವಾಹ. ಚಿಂಚೋಳಿಯ ಹಳ್ಳಿಯಿಂದ ಸೇಡಮಿನ ಮನೆಗೆ ಸೊಸೆಯಾಗಿ ಬಂದವಳನ್ನು ನಾವು ಯಾರೂ ವಲಸಿಗಳೆಂದು ಕರೆಯುವುದಿಲ್ಲ. ಆದರೆ ಹುಟ್ಟೂರಿನಿಂದ ಅಗಲಿದವಳು ಅವಳೇ ಅಲ್ಲವೇ?

ಈ ಸೀಮೆಗೆ ಪರಸ್ಥಳದವರು ಬರುವುದು ಹೊಸತಲ್ಲ. ಕಾಗಿಣಾ ನದಿಯ ದಡದ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದಾಗ ಅಪಭ್ರಂಶದ ಕವಿ ಪುಷ್ಪದಂತನು ಹೊರನಾಡಿನಿಂದ ಬಂದು ಇಲ್ಲಿ ಆಶ್ರಯ ಪಡೆದು, 965ರಲ್ಲಿ ತನ್ನ ಮಹಾಪುರಾಣವನ್ನು ಮುಗಿಸಿದನು. 972ರಲ್ಲಿ ಪರಮಾರ ಸೀಯಕನು ನಗರವನ್ನು ಸೂರೆಗೈದನು. ಒಂದು ಕಾಲದಲ್ಲಿ ಕವಿಗಳನ್ನು ಸೆಳೆದ ಊರಿನ ವೈಭವ ಅಲ್ಲಿಗೆ ಇಳಿಮುಖವಾಯಿತು. ಸೆಳೆಯುವ ಶಕ್ತಿ ಮತ್ತು ತಳ್ಳುವ ಶಕ್ತಿ ಎಂದು ಇಂದಿನ ಶಾಸ್ತ್ರಜ್ಞರು ಹೇಳುವ ಎರಡು ಬಲಗಳನ್ನು ಒಂದೇ ಸ್ಥಳವು ಹೀಗೆ ಕಂಡಿತು.

ಆಧುನಿಕ ಕಾಲದ ದೊಡ್ಡ ಸೆಳೆತ ರೈಲಿನಿಂದ ಮೊದಲಾಯಿತು. 1871ರಲ್ಲಿ ಮುಂಬಯಿಯಿಂದ ರಾಯಚೂರಿನವರೆಗೂ ಹಳಿಗಳು ಬಂದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿನವರೆಗೆ ನಿಜಾಮರ ರೈಲು ಓಡಿತು. ಎರಡೂ ದಿಕ್ಕಿನ ಮಹಾನಗರಗಳು ಒಂದು ರಾತ್ರಿಯ ಪಯಣದಷ್ಟು ಹತ್ತಿರವಾದವು. ಶಹಾಬಾದಿನ ಫರಸಿ ಕಲ್ಲು ಊರೂರಿನ ಅಂಗಳಗಳಿಗೆ ಹೋಯಿತು. ಕಲ್ಲು ಹೋದ ದಾರಿಯಲ್ಲಿ ಜನರೂ ಹೋದರು.

ಇನ್ನು ಸಿಮೆಂಟಿನ ವಿಚಾರ. ಒಂದು ಟನ್ ಸಿಮೆಂಟಿಗೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕು. ಸುಡುವಾಗ ಕಲ್ಲಿನ ತೂಕದ ಗಣನೀಯ ಭಾಗ, ಆದರೆ ಅರ್ಧಕ್ಕಿಂತ ಕಡಿಮೆ, ಅನಿಲವಾಗಿ ಹಾರಿಹೋಗುತ್ತದೆ. ಆದಕಾರಣ ಕಲ್ಲನ್ನು ಕಾರ್ಖಾನೆಗೆ ಸಾಗಿಸುವುದಕ್ಕಿಂತ ಕಾರ್ಖಾನೆಯನ್ನೇ ಕಲ್ಲಿದ್ದೆಡೆಗೆ ತರುವುದು ಲಾಭಕರ. ಕಲ್ಲು ಚಲಿಸದು, ಆದ್ದರಿಂದ ಮನುಷ್ಯನು ಚಲಿಸಬೇಕು. ಶಹಾಬಾದದ ನಂತರ 1968ರಲ್ಲಿ ವಾಡಿಯಲ್ಲಿ ಎ.ಸಿ.ಸಿ., 1972ರಲ್ಲಿ ಕುರಕುಂಟಾದಲ್ಲಿ ಕೇಂದ್ರ ಸರ್ಕಾರದ ಭಾರತ ಸಿಮೆಂಟ್ ನಿಗಮ, ಎಂಬತ್ತರ ದಶಕದಲ್ಲಿ ಮಳಖೇಡದ ರಾಜಶ್ರೀ ಮತ್ತು ಸೇಡಮಿನ ವಾಸವದತ್ತಾ ಕಾರ್ಖಾನೆಗಳು ತಲೆಯೆತ್ತಿದವು. 1972 ದಖ್ಖನ್ನಿನ ಭೀಕರ ಬರಗಾಲದ ಕಾಲವೂ ಹೌದೆಂಬುದನ್ನು ಮರೆಯಲಾಗದು. ನಿಗಮದ ಇತರ ಘಟಕಗಳು ಅಸ್ಸಾಮಿನ ಬೋಕಾಜಾನ್, ಹಿಮಾಚಲದ ರಾಜಬನ್ ಮೊದಲಾದ ದೂರದ ತಾಣಗಳಲ್ಲಿದ್ದವು. ಹೀಗಾಗಿ ಇಲ್ಲಿಯ ಕ್ವಾರ್ಟರ್ಸುಗಳಲ್ಲಿ ಹಲವು ಭಾಷೆಗಳು ಕೇಳಿಬಂದವು. ಒಬ್ಬನು ಬಂದು ನೆಲೆಯಾದರೆ ತಮ್ಮನನ್ನೂ ಊರಿನ ಗೆಳೆಯನನ್ನೂ ಕರೆಸಿಕೊಳ್ಳುವುದು ಲೋಕರೂಢಿ. ಇದಕ್ಕೆ ಸರಪಳಿ ವಲಸೆ ಎಂದು ಹೆಸರು.

1998ರಲ್ಲಿ ಕುರಕುಂಟಾದ ಕಾರ್ಖಾನೆ ನಿಂತುಹೋಯಿತು. ರಾವೆನ್‌ಸ್ಟೈನನ ಮರುಪ್ರವಾಹ ಪುಸ್ತಕದಿಂದ ಎದ್ದು ಬೀದಿಗೆ ಬಂದಂತಾಯಿತು. ಸುತ್ತಲಿನ ಖಾಸಗಿ ಕಾರ್ಖಾನೆಗಳು ಬೆಳೆಯುತ್ತಿದ್ದಾಗಲೇ, ಅದೇ ಕಲ್ಲಿನ ಮೇಲೆ ನಿಂತ ಒಂದು ಘಟಕ ಮುಚ್ಚಿತೆಂದರೆ, ದೋಷ ನೆಲದ್ದಲ್ಲವೆಂದು ನನ್ನ ಅಭಿಪ್ರಾಯ.

ಕಾರ್ಖಾನೆಗಳಿದ್ದರೂ ಇಲ್ಲಿಯವರು ಏಕೆ ಗುಳೆ ಹೋಗುತ್ತಾರೆಂದು ಕೆಲವರು ಆಶ್ಚರ್ಯಪಡುವುದುಂಟು. ಉತ್ತರವು ಹೊಲದಲ್ಲಿದೆ. ತೊಗರಿಯ ಕಣಜವೆನಿಸಿದ ಈ ಜಿಲ್ಲೆಯಲ್ಲಿ ಮುಂಗಾರಿಗೆ ಬಿತ್ತಿದ ತೊಗರಿ ಡಿಸೆಂಬರ್-ಜನವರಿಯಲ್ಲಿ ರಾಶಿಯಾಗುತ್ತದೆ. ಅನಂತರ ಮಳೆಯಾಶ್ರಿತ ಭೂಮಿಯಲ್ಲಿ ಮುಂದಿನ ಮೃಗಶಿರೆಯವರೆಗೆ ಕೂಲಿಯಿಲ್ಲ. ಆಗ ತಾಂಡಾಗಳ ಲಂಬಾಣಿ ಬಂಧುಗಳೂ ಹಳ್ಳಿಯ ಕೂಲಿಕಾರರೂ ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಯಂತ್ರಗಳ ಕಾರ್ಖಾನೆಗೆ ತರಬೇತಿ ಪಡೆದ ಕೈಗಳು ಬೇಕು. ನೆರೆಯ ರೈತಕೂಲಿಗೆ ಅಲ್ಲಿ ಸಿಗುವುದು ಬಹುಶಃ ಹೊರಗುತ್ತಿಗೆಯ ಕೆಲಸ ಮಾತ್ರ. 2020ರ ಮಾರ್ಚ್‌ನಲ್ಲಿ ದೇಶವೇ ಸ್ತಬ್ಧವಾದಾಗ ಈ ಅದೃಶ್ಯ ಜನಸಮೂಹವು ಹೆದ್ದಾರಿಗಳಲ್ಲಿ ಕಂಡಿತು. ಮಹಾರಾಷ್ಟ್ರದಿಂದ ಮಕ್ಕಳನ್ನೆತ್ತಿಕೊಂಡು ಮರಳಿದವರನ್ನು ಸ್ವಂತ ಊರಿನಲ್ಲಿಯೂ ಮೊದಲು ಭಯದಿಂದಲೇ ನೋಡಲಾಯಿತು.

ಮನುಷ್ಯನು ಚಲಿಸದೆ ಗಡಿಯೇ ಚಲಿಸುವುದೂ ಉಂಟು. 1956ರ ಭಾಷಾವಾರು ಪುನರ್ವಿಂಗಡಣೆಯಲ್ಲಿ ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು; ಅದರ ಕೊಡಂಗಲ್ ಮತ್ತು ತಾಂಡೂರುಗಳು ಆಂಧ್ರದ ಪಾಲಾದವು. ಕುರಕುಂಟಾದ ಹೊಲಗಳಿಗೆ ಅನತಿದೂರದಲ್ಲಿಯೇ ರಾಜ್ಯದ ಎಲ್ಲೆ ಬಂದು ನಿಂತಿತು. ತಾಂಡೂರಿನ ಸಂತೆಗೆ ಹೋಗುವವನು ಅಂದಿನಿಂದ ಪರರಾಜ್ಯಕ್ಕೆ ಹೋಗಿಬರುವವನಾದನು.

ಇಂಥವುಗಳನ್ನು ದಾಖಲಿಸುವುದು ಕಷ್ಟ. ನಮ್ಮ ದೇವಾಲಯಗಳ ಜ್ಞಾನಸ್ನಾನದ ದಪ್ತರಿನಲ್ಲಿ ಒಂದು ಪದ್ಧತಿಯಿದೆ: ವ್ಯಕ್ತಿಯು ಎಲ್ಲಿಯೇ ವಿವಾಹವಾದರೂ ಆ ಸುದ್ದಿಯನ್ನು ಜ್ಞಾನಸ್ನಾನ ಪಡೆದ ಧರ್ಮಕೇಂದ್ರಕ್ಕೆ ತಿಳಿಸಿ, ಹೆಸರಿನ ಪಕ್ಕದಲ್ಲಿ ಬರೆಯಬೇಕು. ಆ ಅಂಚಿನ ಟಿಪ್ಪಣಿಗಳನ್ನು ಓದುತ್ತ ಹೋದರೆ ಯಾರು ಎಲ್ಲಿಗೆ ಹೋದರೆಂಬ ನಕಾಶೆಯೇ ಮೂಡುತ್ತದೆ. ಸರ್ಕಾರದ ಜನಗಣತಿಯಾದರೋ ಬಹುಕಾಲ ಹುಟ್ಟಿದ ಸ್ಥಳವನ್ನಷ್ಟೇ ಕೇಳುತ್ತಿತ್ತು; ಹಿಂದಿನ ವಾಸಸ್ಥಳದ ಪ್ರಶ್ನೆ ಸೇರಿದ್ದು 1971ರಲ್ಲಿ, ಕಾರಣದ ಪ್ರಶ್ನೆ 1981ರಲ್ಲಿ. 2011ರ ಗಣತಿ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ತೊಗರಿ ರಾಶಿ ಮುಗಿಸಿ ಗುಳೆ ಹೊರಟವರು ಆಗ ಊರಿನಲ್ಲಿರುವುದಿಲ್ಲ. ಕುರಕುಂಟಾದ ಕ್ವಾರ್ಟರ್ಸಿನಲ್ಲಿ ಜನಿಸಿ, 1998ರ ನಂತರ ತಂದೆತಾಯಿಗಳೊಡನೆ ಅವರ ಹಳೆಯ ಊರಿಗೆ ತೆರಳಿದ ಮಗುವಾದರೋ ಅಲ್ಲಿ ಹುಟ್ಟಿದ ಸ್ಥಳದ ಲೆಕ್ಕದಿಂದ ವಲಸಿಗನೇ. ಅಜ್ಜನ ಮನೆಯಲ್ಲಿ ಕುಳಿತು ಅವನು ಗಣತಿದಾರನಿಗೆ ಹೇಳಬೇಕಾದ ಹುಟ್ಟೂರಿನ ಹೆಸರು ಕುರಕುಂಟಾ.